ಊರಿನ ಗುಂಡುತೋಪು

ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ತೋಪು ಬೆಳೆಸುವುದು, ಇವುಗಳನ್ನು ನಮ್ಮ ಧರ್ಮಶಾಸ್ತ್ರಕಾರರು ‘ಪೂರ್ತ’ವೆಂದು ಕರೆದು ಯಜ್ಞಾದಿಗಳಾದ ‘ಇಷ್ಟ’ದ ಜೊತೆಯಲ್ಲಿಯೇ ಎಣಿಸಿದರು. ಗೌರಿಬಿದನೂರಿನ ಸೀಮೆಯ ಹಿರಿಯರು ಶಾಸ್ತ್ರವನ್ನು ಓದಿದ್ದರೋ ಇಲ್ಲವೋ, ಊರೂರಿಗೆ ಕೆರೆಯನ್ನೂ ಗುಂಡುತೋಪನ್ನೂ ಇರಿಸಿ ಆ ಧರ್ಮವನ್ನು ಆಚರಿಸಿದರು. ಉತ್ತರ ಪಿನಾಕಿನಿಯೇ ವರ್ಷದ ಬಹುಭಾಗ ಮರಳಾಗಿರುವ ಈ ನಾಡಿನಲ್ಲಿ ಅದು ಕೇವಲ ಪುಣ್ಯಕಾರ್ಯವಲ್ಲ, ಜೀವನೋಪಾಯವೂ ಹೌದು. ಹೊಂಗೆಯ ಸೊಪ್ಪು ಗದ್ದೆಗೆ, ಅದರ ಬೀಜದೆಣ್ಣೆ ದೀಪಕ್ಕೆ, ಹುಣಿಸೆ ಅಡಿಗೆಮನೆಗೆ, ನೆರಳು ದನಕರುಗಳಿಗೂ ದಾರಿಹೋಕರಿಗೂ ಒದಗುತ್ತಿದ್ದವು.

ಇಂತಹ ನೆಲ ಒಂದೇ ದಿನದಲ್ಲಿ ಹೋಗುವುದಿಲ್ಲ. ಈ ವರ್ಷ ಒಬ್ಬನ ಬೇಲಿ ಒಂದು ಮೊಳ ಮುಂದೆ ಬರುವುದು. ಬರುವ ವರ್ಷ ಇನ್ನೊಬ್ಬನದು. ಊರಿನ ಸೊತ್ತು ಯಾರ ಸೊತ್ತೂ ಅಲ್ಲವೆಂದು ಬಗೆದು ನಾವೆಲ್ಲರೂ ಸುಮ್ಮನಿರುವೆವು. ನೆರೆಯವನ ನಿಷ್ಠುರಕ್ಕೆ ಅಂಜುವ ಈ ದಾಕ್ಷಿಣ್ಯವೇ ಕೊಡಲಿಗಿಂತ ಹರಿತವಾದುದು.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ 54 ಎಕರೆಯ ಪುರಾತನ ಹುಣಿಸೆತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭರತಖಂಡದಲ್ಲಿ ಆ ಮನ್ನಣೆ ಪಡೆದ ಮೊದಲ ಸ್ಥಳವದು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಪಂಚಾಯತಿಯಲ್ಲಿಯೂ ಇದಕ್ಕಾಗಿ ಸಮಿತಿಯಿರಬೇಕೆಂದು ವಿಧಿಸಿದೆ. ಆದರೆ ಕಾಯಿದೆ ಎಲ್ಲೆಯನ್ನು ಬರೆಯಬಲ್ಲುದು; ಕಾಯಬೇಕಾದವರು ಊರಿನವರು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ತೋಪಿನ ಎಲ್ಲೆಗಲ್ಲುಗಳನ್ನು ಮನೆಯ ಮಕ್ಕಳಿಗೆ ತೋರಿಸಿರಿ. ಕಲ್ಲು ಸರಿದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ಒಬ್ಬನು ಕೇಳಿದರೆ ಜಗಳವಾದೀತು. ಹತ್ತು ಮನೆಯವರು ಕೇಳಿದರೆ ಅದೇ ನ್ಯಾಯವಾಗುವುದು.