ಮೊದಲು ಬಾವಿ, ಆಮೇಲೆ ಬಾದಶಹ

ಸುರಪುರದ ರಂಗಂಪೇಟೆಯಲ್ಲಿ ಕ್ರೂಸರ್ ಗಾಡಿ ಬಾಡಿಗೆಗೆ ಹಿಡಿದರೆ ಅದು ಮಂತ್ರಾಲಯಕ್ಕೆ ಹೋಗಬೇಕು, ಶ್ರೀಶೈಲಕ್ಕೆ ಹೋಗಬೇಕು, ತಪ್ಪಿದರೆ ಬೀಗರ ಮನೆಯ ಕುಬಸಕ್ಕೆ ಹೋಗಬೇಕು. ನಾವು ಹೋಗುವುದು ಯುದ್ಧ ನಡೆದ ಹೊಲಗಳಿಗೆ. ಡ್ರೈವರ್ ಹೊಸಬನಾದರೆ ಕೇಳಿಯೇ ಕೇಳುತ್ತಾನೆ: "ಅಲ್ಲಿ ಗುಡಿ ಅದ ಏನ್ರೀ ಸರ?" ಇಲ್ಲಪ್ಪ. "ಡ್ಯಾಮು?" ಇಲ್ಲ. "ಮತ್ತ ನೋಡಾಕ ಏನದ?" ಹತ್ತಿ ಅದ, ತೊಗರಿ ಅದ. ಅವನು ನಮ್ಮ ಮುಖವನ್ನೊಮ್ಮೆ, ರೊಟ್ಟಿಯ ಗಂಟನ್ನೊಮ್ಮೆ ನೋಡಿ, ಡೀಸೆಲ್ ದುಡ್ಡನ್ನು ಮುಂಗಡವಾಗಿ ಕೇಳುತ್ತಾನೆ.

ನಮ್ಮ ತಂಡ ಅಂಥ ವಿದ್ವಾಂಸರದಲ್ಲ. ನಿವೃತ್ತ ಮಾಸ್ತರರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ, ಒಬ್ಬ ರೈತರಿದ್ದಾರೆ. ಈ ಕೊನೆಯವರೇ ನನಗೆ ಬಹಳ ಬೇಕಾದವರು. ಇತಿಹಾಸ ಓದಿದವನು ಬಯಲಿಗೆ ಬಂದರೆ ರಾಜನನ್ನು ಹುಡುಕುತ್ತಾನೆ. ರೈತ ಬಂದರೆ ನೀರು ಎಲ್ಲಿಂದ ಬರುತ್ತದೆ ನೋಡುತ್ತಾನೆ. ಮುಂದೆ ನಿಂತು ಹೇಳುವ ಕೆಲಸ ನನ್ನದಾದ್ದರಿಂದ ಅವರಿಂದಲೇ ಒಂದು ಪದ್ಧತಿ ಕಲಿತಿದ್ದೇನೆ: ಮೊದಲು ಬಾವಿ, ಆಮೇಲೆ ದಾರಿ, ಆಮೇಲೆ ದಿಬ್ಬ, ಕಟ್ಟಕಡೆಗೆ ಬಾದಶಹ.

ಈ ಪದ್ಧತಿಗೆ ವಾಗಣಗೇರಾದಂಥ ಪಾಠಶಾಲೆ ಇನ್ನೊಂದಿಲ್ಲ. ನಮ್ಮ ಸುರಪುರದ ಪಶ್ಚಿಮಕ್ಕಿರುವ ಈ ಗುಡ್ಡದ ಕೋಟೆಗೆ 1705ರ ಫೆಬ್ರುವರಿಯಲ್ಲಿ ಔರಂಗಜೇಬ ತಾನೇ ಬಂದು ಬೀಡುಬಿಟ್ಟ. ವಯಸ್ಸು ಎಂಬತ್ತಾರು. ದಿಲ್ಲಿಯಿಂದ ಹೊರಟು ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ್ದ ಮನುಷ್ಯನಿಗೆ ಬೇಡ ನಾಯಕರ ಈ ಗುಡ್ಡ ಗಂಟಲಲ್ಲಿ ಸಿಕ್ಕಿಕೊಂಡಿತು. ಪಿಡ್ಡ ನಾಯಕನ ಬಳಿ ಗುರಿ ತಪ್ಪದ ಕೋವಿಯ ಬೇಡರಿದ್ದರು, ನೆರವಿಗೆ ಮರಾಠರು ಬಂದರು. ಎದುರಿನ ಲಾಲ್ ಟೇಕ್ರಿ ಎಂಬ ದಿಬ್ಬವನ್ನು ಮೊಗಲರು ಹಿಡಿದರು, ಹಿಡಿದದ್ದನ್ನು ಕಳೆದುಕೊಂಡರು. ನಡುವೆ ಸಂಧಾನದ ನಾಟಕವೂ ಆಯಿತು: ನಾಯಕ ಶರಣಾಗುತ್ತಾನೆ ಎಂದು ಹೇಳಿಕಳಿಸಿ ದಿನ ದೂಡಿದರು, ಆಮೇಲೆ ನಾಯಕನಿಗೆ ಬುದ್ಧಿಭ್ರಮೆಯಾಗಿ ಮರಾಠರ ಜೊತೆ ಎತ್ತಲೋ ಹೋಗಿಬಿಟ್ಟ ಎಂದು ಸುದ್ದಿ ಹಬ್ಬಿಸಿದರು. ಈ ಭಾಗ ಹೇಳುವಾಗ ನಮ್ಮ ಮಾಸ್ತರರು ತೊಡೆ ತಟ್ಟಿ ನಗುತ್ತಾರೆ. ಸುರಪುರದವರಲ್ಲವೇ!

ಕೋಟೆ ಬಿದ್ದದ್ದು ಹೇಗೆ? ಮೊಗಲರ ಸೇನಾಪತಿ ಜುಲ್ಫಿಕರ್ ಖಾನ್ ಬಂದು ಒಳಗಿನವರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಅಷ್ಟೇ. ಏಪ್ರಿಲ್ 27ರಂದು ಪೇಟೆ ಕೈಸೇರಿತು. ರಾತ್ರಿ ಬೇಡರು ಮನೆಗಳಿಗೆ ಬೆಂಕಿಯಿಟ್ಟು ಹಿಂದಿನ ದಾರಿಯಿಂದ ಜಾರಿಕೊಂಡರು. ಏಪ್ರಿಲ್ ಕೊನೆಯ ಬಿಸಿಲು ನಮ್ಮ ಕಡೆ ಎಂಥದೆಂದು ಗೊತ್ತಿದ್ದವನಿಗೆ ಫಿರಂಗಿಯ ಲೆಕ್ಕ ಬೇಕಾಗುವುದಿಲ್ಲ. ಆದ್ದರಿಂದಲೇ ನಾನು ಈ ಪ್ರವಾಸವನ್ನು ಚಳಿಗಾಲದಲ್ಲಿ ಇಡುವುದನ್ನು ಒಪ್ಪುವುದಿಲ್ಲ. ಬಿರುಬಿಸಿಲಲ್ಲಿ ಗುಡ್ಡ ಹತ್ತಿಸಿ, ಬಾಟಲಿ ಖಾಲಿಯಾದ ಮೇಲೆ, "ಈಗ ಹೇಳ್ರಿ, ಬಾವಿ ಕೆಳಗದ, ಕೋವಿ ಹಿಡಕೊಂಡು ಜುಲ್ಫಿಕರ್ ಖಾನ್ ಅದರ ದಂಡಿಗೆ ಕುಂತಾನ" ಎಂದರೆ ಯಾವ ಪುಸ್ತಕವೂ ಹೇಳದ ಮಾತು ಗಂಟಲಿಗೇ ತಿಳಿಯುತ್ತದೆ.

ಗೆದ್ದ ಬಾದಶಹ ಸಮೀಪದ ದೇವಾಪುರದಲ್ಲಿ ಪಾಳೆಯ ಹಾಕಿ, ಅಲ್ಲೇ ಹಾಸಿಗೆ ಹಿಡಿದ. ಚೇತರಿಸಿಕೊಂಡು ಉತ್ತರಕ್ಕೆ ಹೊರಟವನು 1707ರಲ್ಲಿ ಅಹ್ಮದನಗರದಲ್ಲಿ ತೀರಿಕೊಂಡ. ಅವನು ಖುದ್ದು ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮೂರಿನದು. ಒಂದು ಸಾಮ್ರಾಜ್ಯದ ಆಯಾಸ ಇಲ್ಲಿ ಬಂದು ಕೂತಿತು ಎಂದು ಹೇಳಲು ಇಂದು ದೇವಾಪುರ ಕ್ರಾಸಿನಲ್ಲಿ ಒಂದು ಫಲಕವೂ ಇಲ್ಲ. ಚಹಾ ಮಾತ್ರ ಚೆನ್ನಾಗಿರುತ್ತದೆ.

ಬೆಲ್ಜಿಯಂನಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಅಲ್ಲಿನ ಇಂಥ ಪ್ರವಾಸಗಳ ಫೋಟೋ ಕಳಿಸುತ್ತಿರುತ್ತಾನೆ. ಎಸಿ ಬಸ್ಸು, ಕಿವಿಗೆ ಯಂತ್ರ, ಬಣ್ಣದ ಕೊಡೆ ಎತ್ತಿ ಹಿಡಿದು ಮುಂದೆ ನಡೆಯುವ ಗೈಡಮ್ಮ. ಈಪರ್ ಪಟ್ಟಣದ ಮೆನಿನ್ ಗೇಟಿನಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1928ರಿಂದ ದಿನಾ ರಾತ್ರಿ ಎಂಟಕ್ಕೆ ಕಹಳೆ ಊದುತ್ತಾರಂತೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಿದ್ದಾಗ ಮಾತ್ರ ಅಲ್ಲಿ ಕಹಳೆ ನಿಂತಿತ್ತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ ಸ್ಮಾರಕವಿದೆ. ಒಬ್ಬ ಸಿಪಾಯಿಯ ಹೆಸರೂ ಬಿಡದೆ ಕೆತ್ತುವ ಆ ಹಟ ಕಂಡರೆ ನನಗೆ ಹೊಟ್ಟೆಕಿಚ್ಚು. ವಾಗಣಗೇರಾದಲ್ಲಿ ಬಿದ್ದ ಬೇಡರ ಹುಡುಗರ ಹೆಸರನ್ನು ಯಾರು ಕೆತ್ತಿದರು?

ಆದರೆ ವಾಟರ್ಲೂ ವಿಷಯದಲ್ಲಿ ಹೊಟ್ಟೆಕಿಚ್ಚಿಲ್ಲ. ಅಲ್ಲಿ ಡಚ್ ರಾಜಕುಮಾರನಿಗೆ ಗಾಯವಾದ ಜಾಗದಲ್ಲಿ 1826ರ ಹೊತ್ತಿಗೆ ಬೆಟ್ಟದಂಥ ಮಣ್ಣಿನ ಗುಡ್ಡೆ ಏರಿಸಿ ಮೇಲೊಂದು ಸಿಂಹ ನಿಲ್ಲಿಸಿದರು. 226 ಮೆಟ್ಟಿಲು. ಮಣ್ಣು ಎಲ್ಲಿಂದ? ಸುತ್ತಲಿನ ಯುದ್ಧಭೂಮಿಯಿಂದಲೇ! ವೆಲಿಂಗ್ಟನ್ ತನ್ನ ಸೈನ್ಯವನ್ನು ಮರೆಮಾಡಿ ನಿಲ್ಲಿಸಿದ್ದ ಏರಿನ ಒಂದು ಭಾಗವನ್ನೇ ಅಗೆದು ಅವನ ಗೆಲುವಿಗೆ ಸ್ಮಾರಕ ಕಟ್ಟಿದರು. ನಮ್ಮಲ್ಲಿ ಸ್ಮಾರಕ ಕಟ್ಟದೆ ಮರೆತ ಕಾರಣಕ್ಕೆ ನೆಲವಾದರೂ ಉಳಿದಿದೆ. ಅಂದಹಾಗೆ ಆ ವೆಲಿಂಗ್ಟನ್ ನಮಗೇನೂ ಹೊಸಬನಲ್ಲ. ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1800ರ ಸೆಪ್ಟೆಂಬರ್ 10ರಂದು, ಕೃಷ್ಣೆ ತುಂಗಭದ್ರೆಗಳ ನಡುವಿನ ಕೋಣಗಲ್ಲಿನಲ್ಲಿ ಕುದುರೆ ಪಡೆಯ ಮುಂದೆ ತಾನೇ ನುಗ್ಗಿ ಬಂಡಾಯಗಾರ ಧೋಂಡಿಯಾ ವಾಘ್‌ನನ್ನು ಮುಗಿಸಿದ್ದ. ಆಮೇಲೆ ಧೋಂಡಿಯಾನ ಅನಾಥ ಮಗನ ಸಾಕಣೆಗೆ ದುಡ್ಡನ್ನೂ ಕೊಟ್ಟ.

ಹುಣಸಗಿ ಮೇಲೆ ಹಾಯ್ದು ತಾಳಿಕೋಟೆ ಕಡೆಗೆ ಹೋಗುವ ಪ್ರವಾಸದ ರುಚಿ ಬೇರೆ. 1565ರ ಜನವರಿ 23ರ ಯುದ್ಧಕ್ಕೆ ಇರುವಷ್ಟು ಹೆಸರು ನಮ್ಮ ದೇವರಿಗೂ ಇಲ್ಲ: ತಾಳಿಕೋಟೆ, ರಕ್ಕಸಗಿ-ತಂಗಡಗಿ, ಬನ್ನಿಹಟ್ಟಿ. ಗಾಡಿ ಎಲ್ಲಿ ನಿಲ್ಲಿಸಬೇಕೆಂಬುದೇ ಜಗಳ. ನಾನು ಕೃಷ್ಣೆಯ ಹೊಳೆದಂಡೆಗೆ ಕರೆದೊಯ್ಯುತ್ತೇನೆ. ಸುಲ್ತಾನರ ಸೈನ್ಯ ಬೇರೆ ಕಡೆ ದಾಟುವವರಂತೆ ದಂಡೆಗುಂಟ ದಿನಗಟ್ಟಲೆ ನಡೆದು, ವಿಜಯನಗರದವರನ್ನು ಎದುರು ದಂಡೆಯಲ್ಲಿ ಹಿಂದೆಯೇ ಎಳೆದೊಯ್ದು, ತಟ್ಟನೆ ಮರಳಿ ಬಂದು ಕಾವಲಿಲ್ಲದ ಹಾಯುಗಡದಲ್ಲಿ ದಾಟಿಬಿಟ್ಟಿತು ಎಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ನಾರಾಯಣಪುರದ ಅಣೆಕಟ್ಟಾದ ಮೇಲೆ ಹೊಳೆ ಹಳೆಯ ಹೊಳೆಯಲ್ಲ. ಆದರೂ ದಂಡೆಯ ಮೇಲೆ ಎರಡು ಗುಂಪು ಮಾಡಿ ನಮ್ಮವರನ್ನು ನಡೆಸಿದರೆ, ಎಂಬತ್ತರ ಅಳಿಯ ರಾಮರಾಯ ಎಲ್ಲಿ ಯಾಮಾರಿದ ಎಂಬುದು ಕಾಲಿಗೆ ತಿಳಿಯುತ್ತದೆ. ಊಟ ಅಲ್ಲೇ, ಬೇವಿನ ಮರದ ಕೆಳಗೆ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು. ತಿಂದ ಮೇಲೆ ವಿಜಯನಗರದ ಪಕ್ಷದವರೂ ಸುಲ್ತಾನರ ಪಕ್ಷದವರೂ ಒಂದೇ ನೆರಳಲ್ಲಿ ಮಲಗುತ್ತಾರೆ.

ನಮ್ಮ ಸೀಮೆಯ ನಿಜವಾದ ಯುದ್ಧ ಸ್ಮಾರಕವೆಂದರೆ ವೀರಗಲ್ಲು. ಹನುಮಪ್ಪನ ಗುಡಿಯ ಬಗಲಿಗೆ ಎಣ್ಣೆ ಕುಡಿದು ಕರ್ರಗಾಗಿ ನಿಂತಿರುತ್ತದೆ. ಊರವರು ಅದನ್ನೂ ದೇವರೆಂದೇ ಪೂಜಿಸುತ್ತಾರೆ. ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ಅದರ ಮೇಲೆ ಸೂರ್ಯ ಚಂದ್ರ. ಹತ್ತನೆಯ ಶತಮಾನದ ಆತಕೂರಿನ ಕಲ್ಲಂತೂ, ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರನ ನಾಯಿ ಕಾಳಿಯ ನೆನಪಿಗೆ ನಿಂತದ್ದು. ಗೆದ್ದ ರಾಜ ಏನು ಬೇಕೆಂದರೆ ಆತ ಕೇಳಿದ್ದು ಆ ನಾಯಿಯನ್ನು. ಅದು ಹಂದಿಯೊಡನೆ ಕಾದಿ ಸತ್ತಿತು. ಈಗ ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ.

ಕೊನೆಗೆ ಉಳಿಯುವುದು ನಮ್ಮದೇ ಊರು. ಅದಕ್ಕೆ ಕ್ರೂಸರ್ ಬೇಡ, ಚಪ್ಪಲಿ ಸಾಕು. 1858ರ ಫೆಬ್ರುವರಿ 7ರ ರಾತ್ರಿ ರಾಜಾ ವೆಂಕಟಪ್ಪ ನಾಯಕನ ಕಡೆಯವರು ಬ್ರಿಟಿಷರ ಕ್ಯಾಪ್ಟನ್ ವಿಂಡಮ್‌ನ ಪಾಳೆಯದ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ನಾಯಕ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡು ತಾಗಿ ತೀರಿಕೊಂಡ. ತಾನೇ ಹಾರಿಸಿಕೊಂಡ ಎಂಬುದು ಹಿಂದೆ ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಬರಹ. ಬಾಲಕನಾಗಿದ್ದಾಗ ನಾಯಕ ಇದೇ ಟೇಲರ್‌ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎದುರು ಈ ಕಥೆ ಮುಗಿಸುವಷ್ಟರಲ್ಲಿ ನಮ್ಮ ತಂಡ ಇಬ್ಭಾಗವಾಗುತ್ತದೆ. ಕೆರೆ ಕಟ್ಟೆ ನೋಡಿಕೊಂಡ ಒಳ್ಳೆಯ ಸಾಹೇಬ ಎನ್ನುವವರು ಒಂದು ಕಡೆ. "ಒಳ್ಳೆಯವ ಖರೆ, ಆದ್ರ ಪಗಾರ ಕೊಟ್ಟವರ್ಯಾರು?" ಎನ್ನುವ ನಮ್ಮ ರೈತರು ಇನ್ನೊಂದು ಕಡೆ. ಗುಡ್ಡ ಇಳಿದು ರಂಗಂಪೇಟೆಗೆ ಬರುವವರೆಗೂ ವಾದ ನಡೆದೇ ಇರುತ್ತದೆ. ನಾನು ಯಾರ ಪರವೂ ಮಾತಾಡುವುದಿಲ್ಲ. ಮುಂದಿನ ಸಲ ರಾಯಚೂರಿಗೆ, 1520ರ ಯುದ್ಧದ ಬಯಲಿಗೆ ಬರುವವರು ಯಾರ್ಯಾರೆಂದು ಹೆಸರು ಬರೆದುಕೊಳ್ಳುತ್ತಾ, ಡೀಸೆಲ್ ದುಡ್ಡಿನ ವಿಷಯ ತೆಗೆಯುತ್ತೇನೆ.