ಹತ್ತಡಿ ಮನೆಯಲ್ಲಿ ನಾಲ್ಕು ಜನ

ಗಾಂಧಿನಗರ ಅಂದರೆ ಎಲ್ಲರಿಗೂ ನೆನಪಾಗೋದು ಸಿನಿಮಾ ಕಚೇರಿಗಳು, ಲಾಡ್ಜುಗಳು, ಮೆಜೆಸ್ಟಿಕ್ ಬಸ್ ನಿಲ್ದಾಣ. ಆ ಲಾಡ್ಜುಗಳ ಹಿಂದೆ ನಮ್ಮಂಥವರ ವಠಾರಗಳೂ ಇವೆ ಅಂದರೆ ನೆಂಟರೇ ನಂಬೋದಿಲ್ಲ. ನಮ್ಮದು 10 ಅಡಿ ಅಗಲ, 18 ಅಡಿ ಉದ್ದದ ಒಂದೇ ಕೋಣೆ. ಮೂಲೆಯಲ್ಲಿ ಅಡುಗೆ ಕಟ್ಟೆ, ಹೊರಗೆ ಬಚ್ಚಲು. ಅತ್ತೆ, ಯಜಮಾನರು, ನಾನು ಮತ್ತು ಎಸ್ಸೆಸ್ಸೆಲ್ಸಿ ಓದುವ ಮಗಳು, ಒಟ್ಟು ನಾಲ್ಕು ಜನ.

ರಾತ್ರಿ ಚಾಪೆ ಹಾಸಿದರೆ ಮಲಗುವ ಮನೆ, ಬೆಳಗ್ಗೆ ಸುತ್ತಿಟ್ಟರೆ ನಡುಮನೆ. ಹೇಗೋ ನಡೀತಿತ್ತು. ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಆದ ಮೇಲೆ ಡಾಕ್ಟರು, ‘ಇನ್ನು ನೆಲದ ಮೇಲೆ ಕೂರೋದು, ಮಲಗೋದು ಬೇಡ’ ಅಂದರು. ಮನೆಗೆ ಮಂಚ ಬಂತು. ಮಗಳು ಪುಸ್ತಕ ಹಿಡಿದು ಹೊಸ್ತಿಲಾಚೆ ಹೋದಳು.

ವಠಾರದ ಓಣಿಯ ಲೈಟಿನ ಕೆಳಗೆ, ಓಡಾಡುವವರಿಗೆ ತಾಗದಂತೆ ಕಾಲು ಮಡಚಿಕೊಂಡು ಅವಳು ಲೆಕ್ಕ ಮಾಡೋದು ನೋಡಿದರೆ ಹೊಟ್ಟೆಯಲ್ಲಿ ಸಂಕಟ. ಬೇರೆ ಮನೆ ನೋಡೋಣ ಅಂದರೆ ಯಜಮಾನರ ಕೆಲಸ ಚಿಕ್ಕಪೇಟೆಯಲ್ಲಿ, ಇಲ್ಲಿಂದ ನಡೆದೇ ಹೋಗಬಹುದು. ಬಾಡಿಗೆ ಕೇಳಿದರಂತೂ ಎದೆ ಒಡೆಯುತ್ತೆ. ಇರೋ ಮನೆಯನ್ನೇ ಸರಿ ಮಾಡೋಣ ಅಂತ ಸೊಂಟ ಕಟ್ಟಿದೆ.

ಮೊದಲು ಅಟ್ಟಕ್ಕೆ ಕೈ ಹಾಕಿದೆ. ಅರ್ಧ ಜಾಗ ಹಿಡಿದಿದ್ದು ಒಂದು ತಾಮ್ರದ ಹಂಡೆ. ವರ್ಷಗಳಿಂದ ಇಳಿಸಿರಲಿಲ್ಲ. ಅತ್ತೆ ಚೆಕಪ್ಪಿಗೆ ಹೋಗಿದ್ದ ದಿನ ಪಾತ್ರೆ ಅಂಗಡಿಗೆ ತೂಕಕ್ಕೆ ಕೊಟ್ಟು, ಆ ದುಡ್ಡಲ್ಲಿ ಸ್ಟೀಲ್ ಡಬ್ಬಿ ತಂದೆ. ಸಂಜೆ ಅತ್ತೆ ಅಟ್ಟ ನೋಡಿದರು. ‘ಒಂದು ಮಾತು ಕೇಳಬಹುದಿತ್ತಲ್ಲಮ್ಮ’ ಅಂದರು, ಅಷ್ಟೇ. ಅದು ಅವರಮ್ಮ ಮದುವೆಯಲ್ಲಿ ಕೊಟ್ಟಿದ್ದಂತೆ. ಮಾರನೇ ದಿನ ಓಡಿದೆ. ಹಂಡೆ ಆಗಲೇ ಹೋಗಿಬಿಟ್ಟಿತ್ತು.

ಆಮೇಲೆ ಯಾರ ಸಾಮಾನನ್ನೂ ಅವರನ್ನ ಕೇಳದೆ ಮುಟ್ಟಲಿಲ್ಲ. ಒಂದು ಭಾನುವಾರ ಟೇಪು ಹಿಡಿದು ನಾಲ್ವರೂ ಕೂತೆವು. ಮಗಳು ಮೊಬೈಲಲ್ಲಿ ಅಮೆರಿಕದವರ ಟ್ರೇಲರ್ ಮನೆ ತೋರಿಸಿದಳು. ಕಾರಿನ ಹಿಂದೆ ಎಳೆದುಕೊಂಡು ಹೋಗೋ ಮನೆ. ಮೇಜು ಗೋಡೆಗೆ ಮಡಚತ್ತೆ, ಸೀಟಿನ ಕೆಳಗೆ ಪೆಟ್ಟಿಗೆ. ಅತ್ತೆ ನೋಡಿ, ‘ಅವರದು ಮನೆಗೇ ಚಕ್ರ. ನಮ್ದು ಓಡಲ್ಲ, ಸಾಮಾನಿಗಾದ್ರೂ ಚಕ್ರ ಹಾಕ್ಸಿ’ ಅಂದರು.

ಹಾಗೇ ಮಾಡಿದೆವು. ಮಂಚದ ಕೆಳಗಿನ ಎತ್ತರ ಅಳೆದು, ಅದಕ್ಕಿಂತ ಎರಡು ಇಂಚು ತಗ್ಗಾಗಿ ಮೂರು ಮರದ ಪೆಟ್ಟಿಗೆ ಮಾಡಿಸಿ ಚಕ್ರ ಹಾಕಿಸಿದೆವು. ಒಂದರಲ್ಲಿ ಅಕ್ಕಿ, ರಾಗಿ, ಬೇಳೆ. ಒಂದರಲ್ಲಿ ಹಾಸಿಗೆ ಬಟ್ಟೆ. ಮೂರನೆಯದು ಅತ್ತೆಯದು, ಅದರ ಬೀಗದ ಕೈ ಅವರ ಹತ್ತಿರವೇ. ದಿನಾ ಬೇಕಾದ್ದೆಲ್ಲ ಸೊಂಟದಿಂದ ಕಣ್ಣಿನ ಎತ್ತರದೊಳಗೆ, ಅಪರೂಪಕ್ಕೆ ಬೇಕಾದ್ದು ಮಾತ್ರ ಅಟ್ಟಕ್ಕೆ. ಬಾಗಿಲಿಂದ ಮಂಚದ ತನಕ ಅತ್ತೆಯ ವಾಕರ್ ಹೋಗುವಷ್ಟು ದಾರಿ ಖಾಲಿ ಬಿಟ್ಟೆವು.

ಉಳಿದಿದ್ದು ಮಡಚುವ ಮೇಜು. ಹಲಗೆ ಎರಡಡಿ, ಕೀಲು, ಸರಪಳಿ ಎಸ್.ಜೆ.ಪಿ. ರಸ್ತೆಯಲ್ಲಿ ಸಿಕ್ಕವು. ಖಾಲಿ ಮಾಡಬಹುದಾದ ಗೋಡೆ ಒಂದೇ, ಮಾವನವರ ಫೋಟೋ ಇದ್ದದ್ದು. ನನಗೆ ಬಾಯಿ ಬರಲಿಲ್ಲ. ಅತ್ತೆಗೆ ಅರ್ಥವಾಯಿತೇನೋ. ‘ಫೋಟೋ ಇನ್ನೊಂದಡಿ ಮೇಲಕ್ಕೆ ಹೋಗ್ಲಿ ಬಿಡು. ಅವರಿಗೇನು ಪರೀಕ್ಷೆ ಇದ್ಯಾ?’ ಅಂದರು. ಎಲ್ಲರೂ ನಕ್ಕೆವು. ನನ್ನ ಕಣ್ಣು ಮಾತ್ರ ತುಂಬಿತ್ತು.

ಈಗ ಮಗಳು ಒಳಗೇ ಓದುತ್ತಾಳೆ. ಹತ್ತೂವರೆ ಆದರೆ ಅಜ್ಜಿ–ಮೊಮ್ಮಗಳಿಗೆ ಲೈಟಿನ ಜಗಳ ತಪ್ಪಿದ್ದಲ್ಲ. ಚಿಕ್ಕ ಮನೆಯವರಿಗೆ ನಾನು ಹೇಳೋದಿಷ್ಟೆ: ಗೋಡೆ ಅಳೆಯೋಕೆ ಮೊದಲು ಮನೆಯವರನ್ನ ಕೇಳಿ.

ನಮ್ಮ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿದ್ದ ಜಾಗ. ಈಗ ನಮ್ಮ ವಠಾರಕ್ಕೆ ನೀರು ದಿನ ಬಿಟ್ಟು ದಿನ. ನೀರು ಬಂದಾಗ ಪ್ಲಾಸ್ಟಿಕ್ ಡ್ರಮ್ಮು ತುಂಬಿಸುತ್ತಾ ಆ ಹಂಡೆ ನೆನಪಾಗುತ್ತೆ. ಅತ್ತೆ ಇವತ್ತಿನವರೆಗೂ ಅದರ ಸುದ್ದಿ ಎತ್ತಿಲ್ಲ.