ಎರಡು ಕಡೆಗೂ ನಿಜವನ್ನೇ ಬರೆದವನು

ಗೂಢಚಾರ ಅಂದ್ರೆ ನಕಲಿ ಪಾಸ್‌ಪೋರ್ಟು, ಸುಳ್ಳು ಹೆಸರು, ಕಪ್ಪು ಕನ್ನಡಕ ಅಂತಲೇ ನಾನೂ ಅಂದ್ಕೊಂಡಿದ್ದೆ. ವಿಯೆಟ್ನಾಂನ ಫಾಮ್ ಸುವಾನ್ ಆನ್ ಬಗ್ಗೆ ಓದಿದ ಮೇಲೆ ಆ ಚಿತ್ರ ತಲೆಯಿಂದ ಹೋಯ್ತು. ಆತ ಸೈಗಾನ್‌ನಲ್ಲಿ ತನ್ನ ಸ್ವಂತ ಹೆಸರಲ್ಲೇ ಇದ್ದ. ಮಾಡುತ್ತಿದ್ದ ಪತ್ರಿಕೋದ್ಯಮವೂ ಅಸಲಿಯೇ.

ಹುಟ್ಟಿದ್ದು 1927ರಲ್ಲಿ. ಚಿಕ್ಕ ವಯಸ್ಸಿಗೇ ಕಮ್ಯುನಿಸ್ಟ್ ಹೋರಾಟಕ್ಕೆ ಸೇರಿದವನು. ಅಮೆರಿಕನ್ನರನ್ನು ಅರ್ಥ ಮಾಡ್ಕೋಬೇಕು ಅಂದ್ರೆ ಅವರ ನಡುವೆ ಬದುಕಿ ಬರಬೇಕು ಎಂದು ಪಕ್ಷವೇ 1957ರಲ್ಲಿ ಅವನನ್ನು ಕ್ಯಾಲಿಫೋರ್ನಿಯಾದ ಆರೆಂಜ್ ಕೋಸ್ಟ್ ಕಾಲೇಜಿಗೆ ಕಳಿಸಿತು. ಅಲ್ಲಿ ಪತ್ರಿಕೋದ್ಯಮ ಕಲಿತ, ಗೆಳೆಯರನ್ನು ಸಂಪಾದಿಸಿದ, ಆ ದೇಶವನ್ನು ನಿಜವಾಗಿಯೂ ಇಷ್ಟಪಟ್ಟ. 1959ರಲ್ಲಿ ವಾಪಸ್ ಬಂದು ಮೊದಲು ರಾಯಿಟರ್ಸ್‌ಗೆ, ಆಮೇಲೆ ಟೈಮ್ ಪತ್ರಿಕೆಗೆ ಕೆಲಸ ಮಾಡಿದ.

ಹಗಲು ಹೊತ್ತು ಜಿವ್ರಾಲ್ ಕೆಫೆಯಲ್ಲಿ ಕೂತು ಸೇನಾಧಿಕಾರಿಗಳ ಜೊತೆ, ವಿದೇಶಿ ವರದಿಗಾರರ ಜೊತೆ ಹರಟೆ. ಯುದ್ಧದ ಬಗ್ಗೆ ಏನೇ ಅನುಮಾನ ಇದ್ರೂ 'ಆನ್‌ನ ಕೇಳು' ಅನ್ನೋ ಮಟ್ಟಿಗೆ ಹೆಸರು. ರಾತ್ರಿ ಮನೆಯಲ್ಲಿ ಅದೇ ಮಾಹಿತಿಯನ್ನು ಕಾಣದ ಶಾಯಿಯಲ್ಲಿ ಬರೆಯೋದು, ದಾಖಲೆಗಳ ಫೋಟೊ ತೆಗೆಯೋದು. ಫಿಲ್ಮ್ ರೋಲುಗಳನ್ನು ಸ್ಪ್ರಿಂಗ್ ರೋಲ್ ತಿಂಡಿಯೊಳಗೆ ಅಡಗಿಸಿ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸಿಗೆ ಕೊಡೋದು. ಅಲ್ಲಿಂದ ಅದು ಕೂಚಿಯ ಸುರಂಗಗಳಿಗೆ, ಮುಂದೆ ಹನೋಯ್‌ಗೆ. ಹೀಗೆ ವರದಿ ಹೊತ್ತವರಲ್ಲಿ ಹಲವರು ಸಿಕ್ಕಿಬಿದ್ದು ಸತ್ತರು. ಆನ್ ಮಾತ್ರ ಯುದ್ಧ ಮುಗಿಯುವವರೆಗೂ ಸಿಕ್ಕಿಬೀಳಲಿಲ್ಲ.

ಯಾಕೆ ಗೊತ್ತಾ? ಆತ ಪತ್ರಿಕೆಗೆ ಸುಳ್ಳು ಸುದ್ದಿ ತುರುಕುತ್ತಿರಲಿಲ್ಲ. ಒಂದು ಸುಳ್ಳು ಸಿಕ್ಕಿದ್ರೂ ಹೆಸರು ಹೋಗ್ತಿತ್ತು, ಹೆಸರು ಹೋದ್ರೆ ಮಾಹಿತಿಯೂ ನಿಲ್ತಿತ್ತು. ಟೈಮ್‌ಗೆ ಬರೆದದ್ದೂ ನಿಜ, ಹನೋಯ್‌ಗೆ ಬರೆದದ್ದೂ ನಿಜ.

ಆದರೆ ನಿಜ ಹೇಳಿದ ಮಾತ್ರಕ್ಕೆ ಕೈ ಶುದ್ಧ ಆಗಿಬಿಡುತ್ತಾ? 1963ರ ಜನವರಿಯಲ್ಲಿ ಆಪ್ ಬಾಕ್ ಎಂಬ ಹಳ್ಳಿಯಲ್ಲಿ ದೊಡ್ಡ ಕದನ ನಡೆಯಿತು. ಹೆಲಿಕಾಪ್ಟರ್ ದಾಳಿಯನ್ನು ಎದುರಿಸುವುದು ಹೇಗೆಂದು ಗೆರಿಲ್ಲಾಗಳಿಗೆ ತಿಳಿದಿದ್ದರಲ್ಲಿ ಆನ್‌ನ ವರದಿಗಳ ಪಾಲೂ ಇತ್ತು. ಅದಕ್ಕೆ ಆತನಿಗೆ ಪದಕ ಬಂತು. ಅಲ್ಲಿ ಸತ್ತವರಲ್ಲಿ ಮೂವರು ಅಮೆರಿಕನ್ನರು, ಹತ್ತಾರು ದಕ್ಷಿಣ ವಿಯೆಟ್ನಾಂ ಸೈನಿಕರು. ಕೆಫೆಯಲ್ಲಿ ಜೊತೆಗೆ ಕಾಫಿ ಕುಡಿದವರ ಪಕ್ಷದವರೇ ಅವರು.

ಇದೇ ಮನುಷ್ಯ 1970ರಲ್ಲಿ ಮಾಡಿದ್ದನ್ನೂ ನೋಡಿ. ಟೈಮ್ ವರದಿಗಾರ ರಾಬರ್ಟ್ ಸ್ಯಾಮ್ ಆನ್ಸನ್ ಕಾಂಬೋಡಿಯಾದಲ್ಲಿ ಸೆರೆಸಿಕ್ಕ. ಅವನ ಹೆಂಡತಿ ಬಂದು ಆನ್ ಮುಂದೆ ಕಣ್ಣೀರು ಹಾಕಿದಳು. ಗುಟ್ಟು ಬಯಲಾಗುವ ಅಪಾಯ ಗೊತ್ತಿದ್ದೂ ಆನ್ ತನ್ನ ಕಡೆಯವರಿಗೆ ಸಂದೇಶ ಕಳಿಸಿದ. ಕೆಲವೇ ವಾರಗಳಲ್ಲಿ ಆನ್ಸನ್ ಬಿಡುಗಡೆಯಾದ. ತನ್ನನ್ನು ಉಳಿಸಿದ್ದು ಯಾರೆಂದು ಅವನಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. 1975ರ ಏಪ್ರಿಲ್‌ನಲ್ಲಿ ಸೈಗಾನ್ ಬೀಳುವ ಕೊನೆ ಗಳಿಗೆಯಲ್ಲಿ ಆನ್ ಹೆಲಿಕಾಪ್ಟರ್ ಹತ್ತಿಸಿ ಕಳಿಸಿದ್ದು ಯಾರನ್ನು? ಕಮ್ಯುನಿಸ್ಟರನ್ನು ಬೇಟೆಯಾಡಿದ್ದ ಮಾಜಿ ಗುಪ್ತಚರ ಮುಖ್ಯಸ್ಥ ಚಾನ್ ಕಿಮ್ ಟುಯೆನ್‌ನನ್ನು! ಹಳೇ ಗೆಳೆಯ, ಒಂದು ಕಾಲಕ್ಕೆ ಸಹಾಯ ಮಾಡಿದವನು, ಅಷ್ಟೇ ಕಾರಣ.

ಗೆದ್ದವರು ಆತನಿಗೆ 1976ರಲ್ಲಿ ವೀರ ಪದವಿ ಕೊಟ್ಟರು. ಎರಡು ವರ್ಷದ ಮೇಲೆ ಅವರೇ ಹನೋಯ್‌ಗೆ ಕರೆಸಿ ರಾಜಕೀಯ ಪಾಠಕ್ಕೆ ಕೂರಿಸಿದರು. ಅಮೆರಿಕನ್ನರ ಜೊತೆ ತುಂಬಾ ದಿನ ಇದ್ದವನಲ್ವಾ, ಅನುಮಾನ! ಆಮೇಲೂ ಮನೆ ಮೇಲೆ ಕಣ್ಣಿಟ್ಟೇ ಇದ್ದರು. ಇತ್ತ ಹಳೇ ಸಹೋದ್ಯೋಗಿಗಳಲ್ಲಿ ಕೆಲವರು ಇವನು ನಂಬಿಕೆದ್ರೋಹಿ ಅಂದರು. ಇನ್ನು ಕೆಲವರು ಕೊನೆವರೆಗೂ ಸೈಗಾನ್‌ನ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದರು. 2006ರಲ್ಲಿ ಆತ ತೀರಿಕೊಂಡ.

ಆ ಸ್ನೇಹ ನಾಟಕ ಆಗಿತ್ತಾ ಅಂತ ಬಹಳ ಜನ ಕೇಳ್ತಾರೆ. ನನಗೆ ಹಾಗನ್ನಿಸಲ್ಲ. ನಾಟಕ ಆಗಿದ್ರೆ ಆನ್ಸನ್‌ಗಾಗಿ ಯಾಕೆ ಅಪಾಯ ಮೈಮೇಲೆ ಎಳ್ಕೋಬೇಕಿತ್ತು? ಹಾಗಂತ ಆ ಸ್ನೇಹ ಆಪ್ ಬಾಕ್‌ನ ಲೆಕ್ಕವನ್ನೂ ಅಳಿಸಲ್ಲ. ಒಬ್ಬ ಗೆಳೆಯನನ್ನು ಕಾಪಾಡಿದ್ದಕ್ಕೆ ಇನ್ನೊಬ್ಬನ ಸಾವು ವಜಾ ಆಗುವ ಖಾತೆ ಎಲ್ಲೂ ಇಲ್ಲ. ಪೂರ್ತಿ ಒಳ್ಳೆಯವನು, ಪೂರ್ತಿ ಕೆಟ್ಟವನು ಅನ್ನುವ ಎರಡೇ ಡಬ್ಬಿ ಇಟ್ಕೊಂಡು ಮನುಷ್ಯರನ್ನು ಅಳೆಯುವ ನಮಗೆ, ಎರಡರಲ್ಲೂ ಹಿಡಿಸದ ಇಂಥವರ ಕಥೆ ಆಗಾಗ ಓದೋದು ಒಳ್ಳೇದು.